ಬಡಗಣ ಬಿಸಿಲು

ಮನೆ ಕಟ್ಟಿ ನೋಡು ಅನ್ನುತ್ತಾರೆ.
ನನ್ನದು ಹಿಂದುಮುಂದು:
ಮೊದಲು ನೋಡುವುದು. ಕಟ್ಟುವ ಮಾತೆಲ್ಲ
ಆಂಟ್ವರ್ಪಿನಿಂದ ದುಡ್ಡು ಬಂದಮೇಲೆ.

ಫಾರೋ ಪಟ್ಟಣದಲ್ಲಿ, ಹಲ್ಲಿನ ಡಾಕ್ಟರ ಮಹಡಿಯ ಮೇಲೆ ನನ್ನ ಕೋಣೆ.
ಕೆಳಗೆ ಡ್ರಿಲ್ ಕೊರೆಯುವಾಗ
ಮೇಲೆ ನನ್ನ ಸಮುದ್ರ ಒಂದಿಷ್ಟು ನಡುಗುತ್ತದೆ.

ಮೂರು ದಿನದಿಂದ ಒಂದೇ ಗೋಡೆಗೆ ಸುಣ್ಣ ಬಳಿಯುತ್ತಿದ್ದೇನೆ.
ಬಿಳಿಯೆಂದರೆ ಬರೀ ಬಿಳಿಯಲ್ಲ,
ಹಾಲಿಗೆ ಚಿಟಿಕೆ ಮರಳು ಬೆರೆಸಿದ ಬಿಳಿ.
ಎರಡು ಚಳಿಗಾಲ ಕಂಡ ಹಾಗಿರಬೇಕು,
ಒಂದು ಕಲೆಯೂ ಇರಬಾರದು.
ಗಾಜಿಗೆ ಧೂಳು ನೂರಕ್ಕೆ ಎರಡು ಪಾಲು:
ಪೂರ್ತಿ ಶುಚಿಯಾದರೆ ಸುಳ್ಳೆನಿಸುತ್ತದೆ,
ಮೂರಾದರೆ, ಕೆಲಸದವಳು ಬರಲಿಲ್ಲವೇ ಎನಿಸುತ್ತದೆ.

ಪ್ರಿಯ ಇಡಲೀನಾ, ಎಂದು ಬರೆಯುತ್ತಾರೆ ವೌಟರ್ ಸಾಹೇಬರು,
ಆಲಿವ್ ಮರ ಇನ್ನಷ್ಟು ಹಳೆಯದಾಗಲಿ.
ಆಗಲಿ. ಊಟಕ್ಕೆ ಮುಂಚೆ ನಾನೂರು ವರ್ಷ ಕೂಡಿಸಿದೆ.
ದೋಣಿಗಳು ಬೇಡ. ಅಳಿಸಿದೆ.
ಒಂದಿರಲಿ, ಹಾಯಿ ಇರುವಂಥದ್ದು. ಇಟ್ಟೆ.
ತಾರಸಿಯ ಮೇಲೆ ಯಾರಾದರೂ ನಿಲ್ಲಲಿ.

ಇದ್ದಾಳೆ ಒಬ್ಬಳು ನನ್ನ ಕಡತದಲ್ಲಿ.
ಬಿಳಿಯ ನಾರಂಗಿ, ಬೆನ್ನು ನಮಗೆ, ಕೈಯಲ್ಲಿ ಲೋಟ.
ಮಯಾಮಿಯಲ್ಲೂ ಇವಳೇ, ದುಬೈಯಲ್ಲೂ ಇವಳೇ;
ಕಳೆದ ವಾರ ಯಾರೋ ಮಾಡಿದ ಮಾಂಟೆನೆಗ್ರೋದ ಮನೆಯಲ್ಲಿ
ಇವಳನ್ನು ಕಂಡು ಕೇಳಬೇಕೆನಿಸಿತು:
ಎಷ್ಟು ಮನೆ ನಿನಗೆ, ಒಂದಕ್ಕಾದರೂ ಬೀಗದಕೈ ಇದೆಯೇ?
ಮುಖ ಯಾರೂ ಕಂಡಿಲ್ಲ. ಕೊಂಡಾಗಲೇ
ಬೆನ್ನು ಮಾತ್ರ ಬಂದಿತ್ತು.

ಕಡೆಯದಾಗಿ: ಬಾಗಿಲ ಮೇಲೂ ಬಿಸಿಲು ಬೀಳಲಿ,
ಹಿಂದೆ ಸಮುದ್ರವೂ ಹೊಳೆಯಲಿ.
ಬಾಗಿಲು ಬಡಗಣಕ್ಕೆ, ಸಾರ್. ನಮ್ಮ ಕಡಲು ತೆಂಕಣಕ್ಕೆ.
ಒಂದೇ ಸಾಲಿನ ಉತ್ತರ: ಹೊಂಬಣ್ಣ ಇರಲಿ.

ಸೂರ್ಯನ ಕಿವಿ ಹಿಡಿದು ತಿರುಗಿಸಿದೆ.
ಕಿರ್ರೆಂದು ಒಂದು ಸದ್ದಾದರೂ ಬರಬೇಕಿತ್ತು,
ಬರಲಿಲ್ಲ.
ರಾತ್ರಿಯಿಡೀ ಯಂತ್ರ ಬೆಳಕನ್ನು ಕಾಳು ಕಾಳಾಗಿ ಎಣಿಸಿತು.
ಬೆಳಗಿನ ಜಾವ ಕೋಣೆ ಬೆಚ್ಚಗಿತ್ತು; ಮನೆ ಸಿದ್ಧ.

ಚಿತ್ರ ನಿಂತಿತು ಬಂಡೆಯ ನೆತ್ತಿಯ ಮೇಲೆ,
ಆರು ಮೀಟರ್ ಅಗಲ, ಕಬ್ಬಿಣದ ಕಾಲು.
ಹಿಂದೆ ಬರೀ ಕುರುಚಲು, ಗೂಟಗಳಿಗೆ ಕೆಂಪು ಪಟ್ಟಿ.
ನೋಡಲು ಹೋದವಳಿಗೆ ಸಿಕ್ಕವನು ಎರ್ಮಿನಿಯು,
ಆಕ್ಟೋಪಸ್ ಹಿಡಿಯುವವನು,
ತೊಟ್ಟಿಲು ಬಿಟ್ಟಾಗಿನಿಂದ ಇದೇ ಕಾಲುದಾರಿ ಇಳಿದವನು.
ಟೋಪಿ ತೆಗೆದು, ತಲೆ ಕೆರೆದು, ಬಹಳ ಹೊತ್ತು ನೋಡಿದ.
ನೆರಳೆಲ್ಲ ಕಡಲ ಕಡೆಗೇ ಬೀಳ್ತಿದೆಯಲ್ಲ, ಅಂದ.
ಅರವತ್ತೆಂಟು ವರ್ಷದಲ್ಲಿ ಒಂದು ದಿನವೂ ಹೀಗಾಗಿಲ್ಲ.
ಯಾರು ಮಾಡಿದ್ದು?

ನಾನು, ಅಂದೆ. ನಗಲಿಲ್ಲ, ಬಯ್ಯಲೂ ಇಲ್ಲ.
ಇದರಲ್ಲಿ ನನ್ನ ದಾರಿ ಎಲ್ಲಿ ಎಂದು ಬೆರಳಿಟ್ಟು ಹುಡುಕಿದ;
ಈಜುಕೊಳದ ನೀಲಿಯಲ್ಲಿ ಬೆರಳು ನಿಂತಿತು.
ಅಲ್ಲೇ, ಅಂದೆ.
ಹ್ಞೂಂ, ಅಂದ.

ಆಮೇಲೆ ಕಲ್ಲಿನ ಮೇಲೆ ಕೂತು ಸಿಗರೇಟು ಸುತ್ತುತ್ತ:
ನಂದೂ ಹೆಚ್ಚುಕಡಿಮೆ ಇದೇ ಕಸಬು, ತಾಯಿ.
ಮಣ್ಣಿನ ಮಡಕೆಗಳನ್ನ ಹಗ್ಗಕ್ಕೆ ಪೋಣಿಸಿ ತಳಕ್ಕೆ ಬಿಡ್ತೇನೆ.
ಒಳಗೆ ಮೇವಿಲ್ಲ, ಮುಳ್ಳಿಲ್ಲ, ಬಾಗಿಲೂ ಇಲ್ಲ.
ಮನೆ ಅಂದುಕೊಂಡು ತಾನೇ ಬಂದು ಕೂರತ್ತೆ.
ಮೇಲೆತ್ತುವಾಗಲೂ ಬಿಟ್ಟು ಓಡಬಹುದು. ಓಡಲ್ಲ.
ಇನ್ನೂ ಗಟ್ಟಿಯಾಗಿ ಹಿಡಕೊಳ್ಳತ್ತೆ.

ಅಷ್ಟು ಹೇಳಿ ಇಳಿದುಹೋದ, ಗೂಟಗಳ ನಡುವೆ,
ನನ್ನ ಈಜುಕೊಳದ ಮೂಲಕ.

ಒಂದೂವರೆ ವರ್ಷಕ್ಕೆ, ಮೊನ್ನೆ, ಮನೆಯ ಫೋಟೋ ಬಂತು.
ಅಚ್ಚುಕಟ್ಟು ಮನೆ. ಬಾಗಿಲಿಗೆ ದಟ್ಟ ನೆರಳು,
ಸರಳುಗಳ ಕೆಳಗೆ ಆಗಲೇ ತುಕ್ಕಿನ ಮೀಸೆ,
ಆಲಿವ್ ಮರಕ್ಕೆ ಹೆಚ್ಚೆಂದರೆ ಆರು ವರ್ಷ,
ಕೋಲು ಕೊಟ್ಟು ನಿಲ್ಲಿಸಿದ್ದಾರೆ.
ವೌಟರ್ ಬರೆದಿದ್ದಾರೆ: ಎಲ್ಲೋ ಏನೋ ತಪ್ಪಿದೆ,
ನಿಮ್ಮ ಚಿತ್ರದ ಹಾಗೆ ಇದನ್ನು ಸರಿಮಾಡಿಕೊಡಿ.

ಸರಿಮಾಡುತ್ತಿದ್ದೇನೆ. ದರ ಹೇಳಿದ್ದೇನೆ, ಒಪ್ಪಿದ್ದಾರೆ.
ತಾರಸಿಯ ಮೇಲೆ ಒಬ್ಬ ಹೆಂಗಸು, ಹಳೆಯ ಸ್ವೆಟರು,
ಗಾಳಿಗೆ ಕೂದಲು ಬಾಯಿಗೆ ಬಂದಿದೆ;
ಇತ್ತಲೇ ತಿರುಗಿ ಏನೋ ಕೂಗಿ ಹೇಳುತ್ತಿದ್ದಾಳೆ.
ಇವಳನ್ನು ಅಳಿಸಬೇಕು.
ಸಂಜೆಯಿಂದ
ಉಳಿದದ್ದನ್ನೆಲ್ಲ ಮುಗಿಸಿದ್ದೇನೆ.